ಅಪ್‌ಡೇಟ್: ಮಿನುಗುವ ನೀರಲ್ಲಿ ರಾತ್ರಿ ಕಯಾಕಿಂಗ್, ದಿನಾಂಕ ಬದಲಾಯಿಸಿದೆ

ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ನೀರು ರಾತ್ರಿ ಹೊಳೆಯುವ ಮೂರು ಜಾಗಗಳಲ್ಲಿ ಯಾವುದಕ್ಕೆ, ಯಾವಾಗ ಹೋಗಲಿ ಅಂತ ಹಿಂದೆ ಕೇಳಿದ್ದೆ; ಹುಣ್ಣಿಮೆಗೆ ಎರಡು ದಿನ ಮುಂಚೆ ಹೋಗುವ ಯೋಚನೆಯಿತ್ತು. ಫಹಾರ್ಡೊ ಊರಿನ ಲಗುನಾ ಗ್ರಾಂಡೆ ಎಂಬ ಹಿನ್ನೀರು ಅಂತ ತೀರ್ಮಾನ ಆಯ್ತು. ಹೊಳಪಿನಲ್ಲಿ ವಿಯೆಕೆಸ್ ದ್ವೀಪದ ಮಸ್ಕೀಟೊ ಬೇಯದ್ದೇ ಮೇಲುಗೈ, ಆದರೆ ಫೆರ್ರಿ ಹಿಡಿದು ಹೋಗಿ ರಾತ್ರಿ ಅಲ್ಲೇ ಉಳಿಯಬೇಕು. ಎರಡು ಕಡೆಯೂ ಈಜುವ ಹಾಗಿಲ್ಲ. ನೀರಿಗಿಳಿಯಲೇಬೇಕು ಅನ್ನುವವರಿಗೆ ಮೂರನೆಯ ಜಾಗ, ಲಾ ಪರ್ಗೇರಾ.

ದೊಡ್ಡ ತಪ್ಪಿದ್ದದ್ದು ದಿನಾಂಕದಲ್ಲಿ. ಹುಣ್ಣಿಮೆಗೆ ಎರಡು ದಿನ ಮುಂಚೆ ಅಂದರೆ ಸೂರ್ಯ ಮುಳುಗುವಾಗಲೇ ಚಂದ್ರ ಮೇಲೆ ಬಂದಿರುತ್ತಾನೆ, ಹೊಳಪು ಮಂಕು. ಹುಣ್ಣಿಮೆ ಕಳೆದ ಮೇಲೆ ಚಂದ್ರೋದಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಾಲ್ಕು ದಿನ ಬಿಟ್ಟರೆ ಸಂಜೆಯ ಮೊದಲ ಟ್ರಿಪ್‌ಗೆ ಪೂರ್ತಿ ಕತ್ತಲು ಸಿಗುತ್ತದೆ. ಅಮಾವಾಸ್ಯೆಯಾದರೆ ಈ ಲೆಕ್ಕವೇ ಬೇಡ. ಜೋರು ಮಳೆ ಬಂದ ಮರುದಿನ ಬೇಡ: ಸಿಹಿನೀರು, ಕೆಸರು ಸೇರಿ ನೀರಿಗೆ ಈ ಹೊಳಪು ಕೊಡುವ ಪೈರೋಡಿನಿಯಮ್ ಎಂಬ ಸೂಕ್ಷ್ಮಜೀವಿ ವಿರಳವಾಗುತ್ತದೆ.

ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್ ಹಚ್ಚುವುದಿಲ್ಲ. ಬದಲಿಗೆ ತುಂಬು ತೋಳಿನ ಶರ್ಟ್. ಬಿಳಿ ಟಾರ್ಚ್ ಬದಲು ಕೆಂಪು ಬೆಳಕು, ಇಲ್ಲದಿದ್ದರೆ ಕಣ್ಣು ಮತ್ತೆ ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಬೇಕು. ಮ್ಯಾಂಗ್ರೋವ್ ಕಾಲುವೆ ಇಕ್ಕಟ್ಟು. ಇಬ್ಬರ ಕಯಾಕ್‌ನಲ್ಲಿ ತಿರುಗಿಸುವುದು ಹಿಂದಿನವರ ಕೆಲಸ. ಮುಂದಿನವರೂ ದಿಕ್ಕು ತಿದ್ದಲು ಹೋದರೆ ಕಯಾಕ್‌ನ ಮೂತಿ ಸೀದಾ ಬೇರುಗಳಿಗೆ. ಮುಂದಿನ ಕಯಾಕ್‌ಗೂ ನಮಗೂ ಒಂದು ಕಯಾಕ್‌ನಷ್ಟು ಅಂತರ ಇರಲಿ.

ಫೋನ್ ಫೋಟೊದ ಆಸೆ ಬಿಟ್ಟಾಯ್ತು. ಅಲುಗಾಡುವ ಕಯಾಕ್‌ನಲ್ಲಿ ನೈಟ್ ಮೋಡ್ ಬರೀ ಮಸುಕು. ಹುಟ್ಟು ಎತ್ತಿದಾಗ ಅಂಚಿನಿಂದ ಬೀಳುವ ಹನಿ ನೀರು ಮುಟ್ಟಿದಲ್ಲೆಲ್ಲ ನೀಲಿ ಚುಕ್ಕೆ ಏಳುತ್ತದೆ, ಅದನ್ನು ಕಣ್ಣಲ್ಲೇ ನೋಡಬೇಕು.