ಸಂಜೆ ಏಳು ಗಂಟೆ, ಮೂರು ಬಗೆಯ ಅಡುಗೆ: ನೀವು ಹೇಗೆ ನಿಭಾಯಿಸುತ್ತೀರಿ?

ಕೇಳಿದವರು: ಇಬ್ಬರು ಮಕ್ಕಳ ತಾಯಿ, ನವನಗರ, ಬಾಗಲಕೋಟೆ

ನಾನು ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಯಜಮಾನರು ಮುಧೋಳದ ಕಡೆ ಶಾಲಾ ಶಿಕ್ಷಕರು, ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾರೆ. ಮಗನಿಗೆ ಒಂಬತ್ತು ವರ್ಷ, ಮಗಳಿಗೆ ನಾಲ್ಕು. ಶಾಲೆ ಬಿಟ್ಟ ಮೇಲೆ ಇಬ್ಬರೂ ಪಕ್ಕದ ಮನೆಯ ಆಯಿಯ ಹತ್ತಿರ ಇರುತ್ತಾರೆ. ನಾನು ಮನೆ ಸೇರುವುದು ಆರೂವರೆಗೆ. ಅಷ್ಟರಲ್ಲಿ ಮಗಳು ಹಸಿದು ಅಳುತ್ತಿರುತ್ತಾಳೆ, ಮಗ ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿರುತ್ತಾನೆ. ಯಜಮಾನರಿಗೆ ರೊಟ್ಟಿಯೇ ಆಗಬೇಕು. ಮಗನಿಗೆ ಚಪಾತಿ, ಆಲೂಗಡ್ಡೆ ಬಿಟ್ಟು ಬೇರೇನೂ ಸೇರದು. ಮಗಳು ನೂಡಲ್ಸ್ ಎಂದು ಹಠ ಹಿಡಿಯುತ್ತಾಳೆ. ಮೂರೂ ಮಾಡಿ ಮುಗಿಸುವಾಗ ಒಂಬತ್ತು ದಾಟುತ್ತದೆ, ಮಗಳು ಅರ್ಧ ತಿಂದು ನಿದ್ದೆಗೆ ಜಾರಿರುತ್ತಾಳೆ. ಕಳೆದ ವಾರ ಎರಡು ದಿನ ಖಾನಾವಳಿಯಿಂದ ಊಟ ತರಿಸಿದೆ. ಅಂದೇ ಅತ್ತೆ ಊರಿನಿಂದ ಫೋನ್ ಮಾಡಿ ‘ಇವತ್ತೇನು ಅಡುಗೆ’ ಎಂದು ಸಹಜವಾಗಿ ಕೇಳಿದರು. ಉತ್ತರ ಹೇಳುವ ಮೊದಲೇ ಕಣ್ಣು ತುಂಬಿ ಬಂತು. ಮಕ್ಕಳಿಗೆ ಒಳ್ಳೆಯ ಊಟ ಹಾಕಬೇಕು, ನನ್ನ ಸಂಜೆಯೂ ಉಳಿಯಬೇಕು. ನಿಮ್ಮ ಮನೆಯಲ್ಲಿ ನಿಜವಾಗಿ ಏನು ನಡೆಯುತ್ತಿದೆಯೋ ಅದನ್ನು ಹೇಳಿ.

ವಿಜಯಪುರ, ಆಸ್ಪತ್ರೆಯಲ್ಲಿ ನರ್ಸ್, ಇಬ್ಬರು ಹೆಣ್ಣುಮಕ್ಕಳು

ತಂಗಿ, ಮೊದಲು ಆ ಮೂರು ಅಡುಗೆಯನ್ನು ಒಂದಕ್ಕೆ ಇಳಿಸಿ. ನಾನೂ ನಾಲ್ಕೈದು ವರ್ಷ ಒಬ್ಬೊಬ್ಬರಿಗೆ ಒಂದೊಂದು ಮಾಡಿ ಹಾಕಿದವಳು. ಪಾಳಿ ಮುಗಿಸಿ ಬಂದು ಬಾಗಿಲ ಬೀಗ ತೆಗೆಯುವ ಮೊದಲೇ ‘ಇವತ್ತು ಏನು ಮಾಡಲಿ’ ಎಂಬ ಚಿಂತೆ ಶುರುವಾಗುತ್ತಿತ್ತು. ರೊಟ್ಟಿ ಬಡಿಯುವುದಕ್ಕಿಂತ ಆ ಚಿಂತೆಯೇ ನನ್ನನ್ನು ಹೆಚ್ಚು ದಣಿಸುತ್ತದೆ ಎಂದು ತಿಳಿಯಲು ಬಹಳ ದಿನ ಬೇಕಾಯಿತು.

ಈಗ ನಮ್ಮ ಮನೆಯಲ್ಲಿ ಯಾವ ದಿನಕ್ಕೆ ಯಾವ ಕಾಳು ಎಂದು ಗೊತ್ತು ಮಾಡಿಟ್ಟಿದ್ದೇನೆ. ಸೋಮವಾರ ಹೆಸರುಕಾಳು, ಬುಧವಾರ ಮಡಕಿ, ಶುಕ್ರವಾರ ಅಲಸಂದಿ. ನಡುವಿನ ದಿನಗಳಲ್ಲಿ ಬೇಳೆ ಹಾಕಿದ ಸೊಪ್ಪಿನ ಪಲ್ಯ, ಇಲ್ಲವೇ ಕಡಲೆಹಿಟ್ಟಿನ ಜುಣಕ. ಭಾನುವಾರ ಮಕ್ಕಳು ಕೇಳಿದ್ದು. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಕಾಳನ್ನು ನೀರಿಗೆ ಹಾಕುವುದು ದೊಡ್ಡ ಮಗಳ ಕೆಲಸ. ಎಂಟು ಗಂಟೆ ನೆನೆಸಿ, ನೀರು ಬಸಿದು, ತೆಳುವಾದ ಹಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ನಮ್ಮ ವಿಜಯಪುರದ ಬೇಸಿಗೆಯಲ್ಲಿ ಮಡಕಿಗೆ ಒಂದು ರಾತ್ರಿಯಲ್ಲಿ ಮೊಳಕೆ ಮೂಡುತ್ತದೆ. ಚಳಿಗಾಲದಲ್ಲಿ ಇನ್ನೂ ಒಂದು ದಿನ ಬೇಕು. ಮೊಳಕೆ ಬಂದದ್ದನ್ನು ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು. ಕುಕ್ಕರಿನಲ್ಲಿ ಒಂದು ಸೀಟಿ, ಉಳ್ಳಾಗಡ್ಡಿ ಬಳ್ಳೊಳ್ಳಿಯ ಒಗ್ಗರಣೆ, ಮೇಲೆ ಒಂದು ಚಮಚ ಶೇಂಗಾ ಪುಡಿ. ಇಪ್ಪತ್ತು ನಿಮಿಷದ ಕೆಲಸ. ಕಾಳು ಬೇಯಿಸಿದ ನೀರನ್ನು ಚೆಲ್ಲಬೇಡಿ, ಅದರಲ್ಲಿ ಕಟ್ಟಿನ ಸಾರು ಮಾಡಿದರೆ ಮಕ್ಕಳ ಅನ್ನಕ್ಕಾಯಿತು. ಖಾರ ಹಾಕುವ ಮೊದಲು ಚಿಕ್ಕವಳ ಪಾಲನ್ನು ಬೇರೆ ತೆಗೆದಿಡುತ್ತೇನೆ. ಅಷ್ಟು ಬಿಟ್ಟರೆ ಎಲ್ಲರಿಗೂ ಒಂದೇ ಅಡುಗೆ.

ತಿಂಗಳಿಗೊಂದು ಭಾನುವಾರ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿಡುತ್ತೇನೆ. ಅಗಸಿ ಹಿಂಡಿ ಮಾತ್ರ ಸ್ವಲ್ಪ ಸ್ವಲ್ಪವೇ, ಏಕೆಂದರೆ ಪುಡಿ ಮಾಡಿದ ಅಗಸಿ ಬೇಗ ಕಮಟು ವಾಸನೆ ಹಿಡಿಯುತ್ತದೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಪಲ್ಯವೇ ಆಗದ ದಿನ ರೊಟ್ಟಿ, ಹಿಂಡಿ, ಗಟ್ಟಿ ಮೊಸರು, ಹಸಿ ಸೌತೆಕಾಯಿ ಇಟ್ಟರೆ ಅದು ಪೂರ್ತಿ ಊಟ. ಅದನ್ನು ‘ಏನೂ ಮಾಡಲಿಲ್ಲ’ ಎಂದು ಲೆಕ್ಕ ಹಿಡಿಯಬೇಡಿ. ಬೂಸಲು ಹಿಡಿದ ಶೇಂಗಾವನ್ನು ಮಾತ್ರ ಆರಿಸಿ ಎಸೆಯಿರಿ. ಅದರಲ್ಲಿರುವ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಕೆಟ್ಟದ್ದು.

ಇನ್ನೊಂದು ಮಾತು, ಇದು ನನ್ನ ಕೆಲಸದಿಂದ ಬಂದದ್ದು. ರಕ್ತಹೀನತೆಯಿಂದ ಸುಸ್ತಾಗಿ ಬರುವ ತಾಯಂದಿರನ್ನು ದಿನವೂ ನೋಡುತ್ತೇನೆ. ಎಷ್ಟೋ ಜನ ಸೊಪ್ಪು, ಕಾಳು ತಿನ್ನುತ್ತಾರೆ, ಊಟದ ಬೆನ್ನಿಗೇ ಚಹಾ ಕುಡಿಯುತ್ತಾರೆ. ಚಹಾದ ಒಗರು ಊಟದ ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿಯೂ ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಚಹಾ ಕಾಫಿ ಬೇಡ ಎಂದಿದ್ದಾರೆ. ಕಾಳಿನ ಪಲ್ಯದ ಮೇಲೆ ಅರ್ಧ ಲಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಇಂಡಿ ತಾಲ್ಲೂಕಿನ ಲಿಂಬೆ ನಮ್ಮ ಜಿಲ್ಲೆಯಲ್ಲೇ ಬೆಳೆಯುವಾಗ ಅದಕ್ಕೇನು ಕೊರತೆ? ಮಕ್ಕಳ ಊಟದ ಬಗ್ಗೆ ಇಷ್ಟು ಯೋಚಿಸುವ ನೀವು ನಿಮ್ಮ ತಟ್ಟೆಯನ್ನೂ ನೋಡಿಕೊಳ್ಳಿ, ತಂಗಿ.

ರೊಟ್ಟಿ ಕೊಂಡು ತನ್ನಿ. ನಾನು ವಾರದಲ್ಲಿ ನಾಲ್ಕು ದಿನ ನಮ್ಮ ಓಣಿಯ ಹೆಣ್ಣುಮಗಳೊಬ್ಬಳಿಂದ ತರುತ್ತೇನೆ. ಅವಳಿಗೆ ಅದೇ ದುಡಿಮೆ, ನನಗೆ ಮಕ್ಕಳ ಜೊತೆ ಒಂದು ಗಂಟೆ.

ಬೆಳಗಾವಿ, ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಕೆಲಸ, ಒಬ್ಬ ಮಗನ ತಂದೆ

ಅಕ್ಕ, ನಮ್ಮ ಮನೆಯ ರಾತ್ರಿ ಅಡುಗೆ ನನ್ನದು. ಬೆಳಗಿನ ಪಾಳಿ ಮುಗಿಸಿ ನಾನು ನಾಲ್ಕಕ್ಕೆ ಮನೆಯಲ್ಲಿರುತ್ತೇನೆ, ಹೆಂಡತಿ ಬರುವುದು ಏಳಕ್ಕೆ. ಹೀಗಿರುವಾಗ ಅವಳು ಬಂದು ಒಲೆ ಹೊತ್ತಿಸಲಿ ಎಂದು ಕಾಯುವುದು ನ್ಯಾಯವೇ? ಮೊದಮೊದಲು ನಮ್ಮ ತಾಯಿಗೆ ಇದು ಹಿಡಿಸಲಿಲ್ಲ. ಈಗ ಒಗ್ಗರಣೆ ಸೀದರೆ ಹಿಂದಿನಿಂದ ತಾವೇ ಹೇಳಿಕೊಡುತ್ತಾರೆ. ನಿಮ್ಮ ಯಜಮಾನರು ಶಿಕ್ಷಕರು ಎಂದಿರಿ. ಶನಿವಾರ ಮಧ್ಯಾಹ್ನ ಅವರಿಗೆ ಬಿಡುವಿರಬಹುದು. ವಾರದ ಸಂತೆ, ಸೊಪ್ಪು ಸೋಸಿಡುವುದು, ಬಳ್ಳೊಳ್ಳಿ ಸುಲಿದಿಡುವುದು, ಗಿರಣಿಗೆ ಜೋಳ ಒಯ್ಯುವುದು, ಇಷ್ಟನ್ನು ಅವರಿಗೆ ಒಪ್ಪಿಸಿ. ಸಹಾಯ ಎಂದು ಕೇಳಬೇಡಿ, ಪಾಲು ಎಂದು ಕೊಡಿ.

ನಿಮ್ಮ ಮಕ್ಕಳ ವಿಷಯದಲ್ಲಿ ನನಗೆ ಅನಿಸಿದ್ದು: ಅವರ ನಿಜವಾದ ಹಸಿವು ಸಂಜೆ ಐದರಿಂದ ಆರರ ನಡುವೆ, ಅದನ್ನು ಬಿಸ್ಕತ್ತು ನುಂಗುತ್ತಿದೆ. ಹೊಟ್ಟೆ ತುಂಬಿದ ಮೇಲೆ ಎಂಟೂವರೆಗೆ ಪಲ್ಯ ಯಾರಿಗೆ ಬೇಕು? ನಾನು ಐದಕ್ಕೆ ಸರಿಯಾಗಿ ಒಂದು ತಟ್ಟೆ ಇಡುತ್ತೇನೆ. ಗಜ್ಜರಿ, ಸೌತೆಕಾಯಿ, ಬೇಯಿಸಿದ ಗೆಣಸು. ನಮ್ಮ ಬೆಳಗಾವಿ ಸುತ್ತಲಿನ ಊರುಗಳಲ್ಲಿ ಗೆಣಸು ಬಹಳ ಬೆಳೆಯುತ್ತಾರೆ, ಹಂಗಾಮಿನಲ್ಲಿ ಅಗ್ಗ. ಬೇಯಿಸಿ ಸಿಪ್ಪೆ ಸುಲಿದರೆ ಸಕ್ಕರೆಯೇ ಬೇಡ. ಕೆಲವು ದಿನ ಬೇಯಿಸಿದ ಶೇಂಗಾ, ಕೆಲವು ದಿನ ಒಂದು ತತ್ತಿ. ಹಸಿದ ಮಗು ಎದುರಿಗಿರುವುದನ್ನು ತಿನ್ನುತ್ತದೆ. ಪಕ್ಕದ ಮನೆಯ ಆಯಿಯ ಹತ್ತಿರ ಬೆಳಿಗ್ಗೆಯೇ ಒಂದು ಡಬ್ಬಿ ಕೊಟ್ಟು ಹೋಗಲು ಆಗುವುದಿಲ್ಲವೇ? ಆಮೇಲೆ ರಾತ್ರಿ ಊಟ ಸ್ವಲ್ಪ ಕಡಿಮೆಯಾದರೂ ನಿಮ್ಮ ಎದೆ ಹೊಡೆದುಕೊಳ್ಳುವುದಿಲ್ಲ.

ಗುಳೇದಗುಡ್ಡ, ನಿವೃತ್ತ ಶಿಕ್ಷಕಿ, ಅಜ್ಜಿ

ಮಗಳೇ, ಕೊಂಡು ತಂದ ರೊಟ್ಟಿಯ ಬಗ್ಗೆ ನಾನು ನನ್ನ ಸೊಸೆಯ ಜೊತೆ ಮುನಿಸಿಕೊಂಡವಳು. ಜೋಳದಲ್ಲಿ ಗೋಧಿಯ ಅಂಟು ಇಲ್ಲ, ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಹಿಟ್ಟಿಗೆ ಜಿಗಿ ಬರುತ್ತದೆ. ಹಿಟ್ಟು ಹಳೆಯದಾದರೆ ಎಷ್ಟು ನಾದಿದರೂ ರೊಟ್ಟಿ ಬಿರಿಯುತ್ತದೆ. ಇಷ್ಟು ಶ್ರಮದ ಕೆಲಸ ಮನೆಯವಳ ಕೈಯಿಂದಲೇ ಆಗಬೇಕೆಂಬುದು ನನ್ನ ಹಠವಾಗಿತ್ತು. ಆಮೇಲೆ ನನಗೇ ಮೊಣಕೈ ನೋವು ಬಂದು ಬಡಿಯುವುದು ನಿಂತಿತು. ಆಗ ಯೋಚಿಸಿದೆ: ಬಾದಾಮಿಯ ಬನಶಂಕರಿಗೆ ಹೋದಾಗ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ತಾಯಂದಿರಿಂದ ರೊಟ್ಟಿ, ಕಾಳಿನ ಪಲ್ಯ, ಹಿಂಡಿ, ಮೊಸರು ಕೊಂಡು ನಾವೆಲ್ಲ ತಲೆಮಾರುಗಳಿಂದ ಸಂತೋಷವಾಗಿ ಉಂಡು ಬಂದಿದ್ದೇವೆ. ಅಲ್ಲಿ ಇಲ್ಲದ ಸಂಕೋಚ ಮನೆಯಲ್ಲಿ ಏಕೆ? ಸೊಸೆಯನ್ನು ಕರೆದು ನನ್ನದು ತಪ್ಪಾಯಿತು ಎಂದೆ. ನಿಮ್ಮ ಅತ್ತೆಗೂ ಇದ್ದದ್ದನ್ನು ಇದ್ದಂತೆ ಹೇಳಿ ನೋಡಿ. ಅವರು ಕೇಳಿದ್ದು ಪ್ರೀತಿಯಿಂದಲೇ ಇರಬಹುದು.

ಒಣಗಿಸಿದ ಕಟಕ ರೊಟ್ಟಿ ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ, ಒಂದು ಬುಟ್ಟಿ ಸದಾ ಇರಲಿ. ಬಿಸಿ ಸಾರಿನಲ್ಲಿ ಮುರಿದು ಹಾಕಿದರೆ ಹಲ್ಲಿಲ್ಲದ ನಾನೂ ಉಣ್ಣುತ್ತೇನೆ, ನಿಮ್ಮ ನಾಲ್ಕು ವರ್ಷದವಳೂ ಉಣ್ಣುತ್ತಾಳೆ. ರೊಟ್ಟಿ ಮನೆಯಲ್ಲೇ ಮಾಡಿದ ದಿನ ಒಂದನ್ನು ದಪ್ಪಗೆ ಬಡಿದು ಬಿಸಿಯಿರುವಾಗಲೇ ಬಳ್ಳೊಳ್ಳಿ, ಉಪ್ಪು, ಚೂರು ಮೆಣಸಿನಕಾಯಿ ಹಾಕಿ ಕುಟ್ಟಿ ತುಪ್ಪ ಸವರಿ ಮುಟಗಿ ಮಾಡಿಕೊಡಿ. ಮಗ ಚಪಾತಿ ಮರೆಯುತ್ತಾನೋ ಇಲ್ಲವೋ ನೋಡೋಣ. ಹಕ್ಕರಿಕಿ ಸೊಪ್ಪು, ಮೆಂತ್ಯೆ, ಎಳೆ ಮೂಲಂಗಿ ಇವನ್ನು ಬೇಯಿಸುವುದೂ ಬೇಡ, ಚೆನ್ನಾಗಿ ತೊಳೆದು ತಟ್ಟೆಯ ಪಕ್ಕದಲ್ಲಿಟ್ಟರೆ ಸಾಕು. ನಮ್ಮ ಕಡೆ ಮೊದಲಿನಿಂದಲೂ ಹೀಗೆಯೇ ಉಂಡಿದ್ದೇವೆ.

ಇಂಡಿ, ಐದು ವರ್ಷದ ಮಗನ ತಾಯಿ

ಒಂದು ಎಚ್ಚರಿಕೆ ಹೇಳುತ್ತೇನೆ. ನನ್ನ ಮಗ ತೆಳ್ಳಗಿದ್ದಾನೆ ಎಂದು ಎಲ್ಲರೂ ಅಂದದ್ದಕ್ಕೆ ನಾನು ಒಂದು ವರ್ಷ ಅವನನ್ನು ತೊಡೆಯ ಮೇಲೆ ಹಿಡಿದು, ಮೊಬೈಲ್ ತೋರಿಸಿ ತುರುಕಿದೆ. ಊಟದ ತಟ್ಟೆ ಕಂಡರೆ ಅವನು ಮಂಚದ ಕೆಳಗೆ ಸೇರುತ್ತಿದ್ದ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮಕ್ಕಳ ವೈದ್ಯರು ತೂಕ, ಎತ್ತರ ನೋಡಿ ಬೆಳವಣಿಗೆ ಸರಿಯಾಗಿದೆ ಎಂದರು. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಹೇಳಿದ ಕ್ರಮವನ್ನು ವಿವರಿಸಿದರು: ಏನು ಉಣಬಡಿಸುವುದು, ಯಾವಾಗ, ಎಲ್ಲಿ ಎಂಬುದು ಹಿರಿಯರ ಹೊಣೆ, ತಿನ್ನಬೇಕೋ ಬೇಡವೋ, ಎಷ್ಟು ಎಂಬುದು ಮಗುವಿನದು. ಹೊಸ ರುಚಿಯನ್ನು ಒಪ್ಪಲು ಮಗುವಿಗೆ ಎಂಟು ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ಅದು ಎದುರಿಗೆ ಬರಬೇಕಂತೆ. ನಾನು ಎರಡು ಸಲಕ್ಕೇ ‘ಇವನಿಗೆ ಹೀರೇಕಾಯಿ ಆಗದು’ ಎಂದು ತೀರ್ಮಾನಿಸಿದ್ದೆ.

ಈಗ ತಟ್ಟೆಯಲ್ಲಿ ಅವನಿಗೆ ಇಷ್ಟವಾದದ್ದು ಒಂದು ಖಂಡಿತ ಇರುತ್ತದೆ, ಪಕ್ಕದಲ್ಲಿ ಹೊಸದು ಬೆರಳಗಲ. ತಿನ್ನು ಎನ್ನುವುದಿಲ್ಲ, ತಿಂದರೆ ಹೊಗಳುವುದೂ ಇಲ್ಲ. ನಿಮ್ಮ ಮಗನ ಆಲೂಗಡ್ಡೆಯನ್ನು ಒಮ್ಮೆಗೇ ಕಿತ್ತುಕೊಳ್ಳಬೇಡಿ, ಎಲ್ಲರ ಪಲ್ಯದಲ್ಲಿಯೇ ಎರಡು ಹೋಳು ಇರಲಿ. ತೂಕ ಇಳಿಯುತ್ತಿದ್ದರೆ, ಮಗು ಸದಾ ಸುಸ್ತಾಗಿದ್ದರೆ ಮಾತ್ರ ಕಾಯದೆ ವೈದ್ಯರಿಗೆ ತೋರಿಸಿ.

ಕೇಳಿದವರು, ನವನಗರ

ಎಲ್ಲರ ಮಾತು ಓದಿ ನನಗೆ ಎಷ್ಟು ಧೈರ್ಯ ಬಂತೆಂದರೆ ಹೇಳಲಾರೆ. ನರ್ಸ್ ಅಕ್ಕ, ಒಂದು ಸಂದೇಹ. ಬೆಳಿಗ್ಗೆ ಎಂಟಕ್ಕೆ ಮಾಡಿದ ಕಾಳಿನ ಪಲ್ಯವನ್ನು ಸಂಜೆ ಏಳಕ್ಕೆ ಬಡಿಸಬಹುದೇ?

ವಿಜಯಪುರ, ನರ್ಸ್

ಹೊರಗಿಟ್ಟರೆ ಬೇಡವೇ ಬೇಡ. ಬೇಯಿಸಿದ ಆಹಾರ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಮನೆಯೊಳಗಿನ ಬಿಸಿ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುತ್ತದೆ, ಅಂದ ಮೇಲೆ ಲೆಕ್ಕ ನೀವೇ ಹಾಕಿ. ಮಾಡಿದ ಕೂಡಲೇ ಅಗಲವಾದ ತಟ್ಟೆಗೆ ಹರವಿ ಆರಿಸಿ, ಡಬ್ಬಿಗೆ ಹಾಕಿ ಫ್ರಿಜ್ಜಿಗಿಟ್ಟು ಹೊರಡಿ. ಸಂಜೆ ಬೇಕಾದಷ್ಟನ್ನೇ ತೆಗೆದು ಹಬೆಯಾಡುವವರೆಗೆ ಕುದಿಸಿ. ಅನ್ನಕ್ಕೂ ಇದೇ ನಿಯಮ. ಹೊರಗಿಟ್ಟ ಅನ್ನದಲ್ಲಿ ಹುಟ್ಟುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆಯಿಯ ಹತ್ತಿರ ಕೊಡುವ ಡಬ್ಬಿಯಲ್ಲಿ ಕೆಡದಂಥದ್ದೇ ಇರಲಿ: ಹುರಿದ ಶೇಂಗಾ, ಪುಟಾಣಿ (ಹುರಿಗಡಲೆ), ಬಾಳೆಹಣ್ಣು, ಒಣದ್ರಾಕ್ಷಿ. ಗಜ್ಜರಿ ಸೌತೆಕಾಯಿಯನ್ನು ಹೆಚ್ಚದೆ ಇಡಿಯಾಗಿ ಕೊಡಿ, ತಿನ್ನುವಾಗ ಆಯಿ ಹೆಚ್ಚಿಕೊಡಲಿ.

ಕೇಳಿದವರು, ನವನಗರ, ಎರಡು ವಾರದ ಮೇಲೆ

ಆದದ್ದನ್ನೂ ಆಗದ್ದನ್ನೂ ಬರೆಯುತ್ತೇನೆ. ಆಯಿಯ ಹತ್ತಿರ ಡಬ್ಬಿ ಕೊಡಲು ಶುರು ಮಾಡಿದ ದಿನದಿಂದ ಸಂಜೆಯ ಅಳು ನಿಂತಿತು, ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅದೇ. ಸೋಮವಾರ, ಬುಧವಾರ, ಶುಕ್ರವಾರ ರೊಟ್ಟಿ ಕೊಳ್ಳುತ್ತಿದ್ದೇವೆ. ಎಂಟಕ್ಕೆ ಊಟ ಮುಗಿಯುತ್ತದೆ. ಯಜಮಾನರು ಸಂತೆಯನ್ನು ವಹಿಸಿಕೊಂಡರು. ಮೊದಲ ವಾರ ಒಂದೇ ಬಗೆಯ ಸೊಪ್ಪನ್ನು ನಾಲ್ಕು ಸಿವುಡು ತಂದರು, ಎರಡನೆಯ ವಾರ ಸರಿಯಾಗಿ ತಂದರು. ಮಡಕಿಗೆ ಮೊಳಕೆ ಬರಿಸಿದ್ದು ಒಮ್ಮೆ ವಾಸನೆ ಬಂತು. ನೀರು ಸರಿಯಾಗಿ ಬಸಿದಿರಲಿಲ್ಲ.

ಮಗ ಮುಟಗಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡ. ಕಾಳಿನ ಪಲ್ಯದಲ್ಲಿ ಆಲೂಗಡ್ಡೆಯನ್ನು ಆರಿಸಿ ತಿನ್ನುತ್ತಾನೆ, ಅದಕ್ಕೆ ಅಂಟಿದ ಕಾಳು ಹೇಗೋ ಹೊಟ್ಟೆಗೆ ಹೋಗುತ್ತಿದೆ. ನೂಡಲ್ಸ್ ಭಾನುವಾರ ಮಾತ್ರ ಎಂದು ಮಗಳಿಗೆ ಹೇಳಿದ್ದೇನೆ. ಮೊದಲ ನಾಲ್ಕು ದಿನ ಬಹಳ ಕಷ್ಟವಾಯಿತು, ನಾನೂ ಅತ್ತುಬಿಟ್ಟೆ. ಅತ್ತೆಯವರಿಗೆ ಫೋನಿನಲ್ಲಿ ರೊಟ್ಟಿ ಕೊಳ್ಳುತ್ತಿದ್ದೇವೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ವಾರ ಬರುವಾಗ ಗುರೆಳ್ಳು ಹಿಂಡಿ ತರುತ್ತೇನೆ ಎಂದರು.

ಹಸಿ ಮೆಂತ್ಯೆಯನ್ನು ಮಗಳು ಇನ್ನೂ ಬಾಯಿಗಿಟ್ಟಿಲ್ಲ. ಇಂದು ಅವಳ ತಟ್ಟೆಯ ಪಕ್ಕದಲ್ಲಿ ಇಟ್ಟದ್ದು ಆರನೆಯ ಸಲ. ಎಲೆಯೊಂದನ್ನು ಎತ್ತಿ ಮೂಸಿ ನೋಡಿ ಅಣ್ಣನ ತಟ್ಟೆಗೆ ಹಾಕಿದಳು.