ಅಪ್‌ಡೇಟ್: ಬ್ರೇಕ್ ಕೆಲಸ ಕೊನೆಗೆ ಏನಾಯ್ತು

ಬ್ರೇಕ್ ಕಿರ್ ಅನ್ನುತ್ತಿದೆ ಅಂತ ಕಾರು ತೋರಿಸಿದರೆ, ಮೆಕ್ಯಾನಿಕ್ ನಾಲ್ಕೂ ಚಕ್ರದ ಪ್ಯಾಡ್, ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ), ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಎಲ್ಲ ಬದಲಿಸಬೇಕು ಅಂದರು, ನಂಬಲೋ ಬೇಡವೋ ಅಂತ ಕೇಳಿದ್ದೆನಲ್ಲ. ಇನ್ನೊಂದು ಗ್ಯಾರೇಜಿಗೆ ಹೋದೆ. ಮೊದಲನೆಯವರು ಹೇಳಿದ್ದರ ಬಗ್ಗೆ ಬಾಯಿ ಬಿಡಲಿಲ್ಲ. ಸುಮ್ನೆ "ಶಬ್ದ ಬರ್ತಿದೆ, ನೋಡಿ" ಅಂದೆ.

ಅವರು ಚಕ್ರ ಬಿಚ್ಚಿ ನನ್ನನ್ನೇ ಕರೆದು ತೋರಿಸಿದರು. ಮುಂದಿನ ಎಡ ಚಕ್ರದಲ್ಲಿ ಒಳಗಿನ ಪ್ಯಾಡ್ 2 ಮಿ.ಮೀ.ಗೆ ಇಳಿದಿತ್ತು, ಹೊರಗಿನದು ಇನ್ನೂ ದಪ್ಪ. ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದು ಸಿಕ್ಕಿಕೊಂಡರೆ ಹೀಗೆ ಒಂದೇ ಕಡೆ ಸವೆಯುತ್ತದಂತೆ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅದರ ಮೇಲೇ ಅಚ್ಚು ಹಾಕಿರುತ್ತಾರೆ, ಗೊತ್ತಾ? ಮೈಕ್ರೋಮೀಟರ್ ಇಟ್ಟು ಅಳೆದರು. ಅದಕ್ಕಿಂತ ಜಾಸ್ತಿಯೇ ಇತ್ತು. ಹಿಂದಿನ ಚಕ್ರಗಳಿಗೆ ಏನೂ ಆಗಿರಲಿಲ್ಲ.

ಮುಂದಿನ ಎರಡೂ ಚಕ್ರಕ್ಕೆ ಹೊಸ ಪ್ಯಾಡ್ (ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯಬಹುದು), ಪಿನ್ ತಿಕ್ಕಿ ಗ್ರೀಸ್, ಹೊಸ ಬ್ರೇಕ್ ಆಯಿಲ್. ಅಷ್ಟರಲ್ಲೇ ಮುಗಿಯಿತು.

ಮೊದಲನೆಯವರು ಪೂರ್ತಿ ಸುಳ್ಳು ಹೇಳಿದರು ಅನ್ನಲಾರೆ. ಪ್ಯಾಡ್ ನಿಜಕ್ಕೂ ಹೋಗಿತ್ತು. ಆದರೆ ಡಿಸ್ಕ್ ಅಳತೆ ಎಷ್ಟು ಅಂತ ಕೇಳಿದರೆ "ನೋಡಿದ್ರೇ ಗೊತ್ತಾಗುತ್ತೆ" ಅಂದಿದ್ದರು, ಅದು ಯಾಕೋ ನನಗೆ ಸರಿಬರಲಿಲ್ಲ. ಈಗ ಶಬ್ದ ಇಲ್ಲ, ಪೆಡಲ್ ಕೂಡ ಗಟ್ಟಿಯಾಗಿದೆ.