ಎಮರ್ಜೆನ್ಸಿ ವಾರ್ಡಿಗೆ ಅಂತಲೇ ಫಾರ್ಮಸಿಸ್ಟ್ ತಯಾರು ಮಾಡೋದು ನಮ್ಮ ಕಡೆ ಆಗುತ್ತಾ?

ಇಂಟರ್ನ್, ಕಲಬುರಗಿ:
ಎಲ್ಲರಿಗೂ ನಮಸ್ಕಾರ. ನಾನು ಫಾರ್ಮ್ ಡಿ ಅನ್ನೋ ಆರು ವರ್ಷದ ಫಾರ್ಮಸಿ ಕೋರ್ಸ್‌ನ ಕೊನೆಯ ವರ್ಷದಲ್ಲಿದ್ದೇನೆ. ಮೊನ್ನೆ ರಾತ್ರಿ ಕ್ಯಾಜುವಾಲ್ಟಿಯಲ್ಲಿದ್ದಾಗ ಹಳ್ಳಿಯಿಂದ ಒಬ್ಬರನ್ನು ಕರೆತಂದರು. ತೊಗರಿಗೆ ಹೊಡೆಯೋ ಎಣ್ಣೆ ಹೊಟ್ಟೆಗೆ ಹೋಗಿತ್ತು. ಮನೆಯವರು ಡಬ್ಬಿಯನ್ನೂ ತಂದಿದ್ದರು, ಆದರೆ ಅದನ್ನು ಓದೋಕೆ ಯಾರಿಗೂ ಕೈ ಬಿಡುವಿರಲಿಲ್ಲ. ನಾನು ಓದಿದೆ. ಆರ್ಗನೋಫಾಸ್ಫರಸ್ ಜಾತಿಯ ಕೀಟನಾಶಕ ಅಂತ ಡಾಕ್ಟರಿಗೆ ಹೇಳಿದೆ. ಆಮೇಲೆ ಆ ವಿಷಕ್ಕೆ ಕೊಡೋ ಮದ್ದು ಅಟ್ರೋಪಿನ್ ಎಷ್ಟು ಗಂಟೆಗೆ ಎಷ್ಟು ಹೋಯಿತು ಅಂತ ಬರೆಯುತ್ತಾ ಬೆಳಗಿನವರೆಗೆ ಅಲ್ಲೇ ನಿಂತೆ. ಆರು ವರ್ಷದಲ್ಲಿ ನಾನು ಓದಿದ್ದು ಯಾವುದಕ್ಕೆ ಅಂತ ಆ ರಾತ್ರಿ ಗೊತ್ತಾಯಿತು.

ಅಮೆರಿಕದಲ್ಲಿ ಎಮರ್ಜೆನ್ಸಿ ಫಾರ್ಮಸಿಸ್ಟ್ ಆಗೋದಕ್ಕೆ ಅಂತಲೇ ರೆಸಿಡೆನ್ಸಿ ಇದೆ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಕಲಿಯೋ ತರಬೇತಿ. ನಮ್ಮ ಇಂಟರ್ನ್‌ಶಿಪ್‌ನಲ್ಲಿ 6 ತಿಂಗಳು ಜನರಲ್ ಮೆಡಿಸಿನ್, ಉಳಿದ 6 ತಿಂಗಳು ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. ಎಮರ್ಜೆನ್ಸಿ ಕಡ್ಡಾಯ ಅಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಮೆಡಿಕಲ್ ಕಾಲೇಜ್ ಇವೆ. ಇಲ್ಲಿ ಒಂದು ವರ್ಷದ ಎಮರ್ಜೆನ್ಸಿ ತರಬೇತಿ ಶುರು ಮಾಡಿದರೆ ತಪ್ಪೇನು?

ಡಾಕ್ಟರ್, ಬೀದರ್:
ನಿಮ್ಮ ಹುಮ್ಮಸ್ಸು ಇಷ್ಟವಾಯಿತು ತಮ್ಮಾ. ಆದರೆ ನಾನು ಒಪ್ಪೋದಿಲ್ಲ. ನಮಗೆ ಮೊದಲು ಬೇಕಾಗಿರೋದು ಇನ್ನಿಬ್ಬರು ನರ್ಸ್, ಇನ್ನೊಬ್ಬ ಡ್ಯೂಟಿ ಡಾಕ್ಟರ್. ಅದೇ ಇಲ್ಲದಿರುವಾಗ ಮಂಚದ ಸುತ್ತ ಇನ್ನೊಬ್ಬರನ್ನು ನಿಲ್ಲಿಸಿ ಏನು ಮಾಡೋದು? ಇನ್ನೊಂದು ಮಾತು, ಔಷಧಿ ಬರೆಯೋದು ನಾನು, ಸಹಿ ನನ್ನದು. ಹೆಚ್ಚುಕಮ್ಮಿ ಆದರೆ ಮನೆಯವರು ಕೇಳೋದೂ ನನ್ನನ್ನೇ.

ಸ್ಟಾಫ್ ನರ್ಸ್, ಯಾದಗಿರಿ:
ಸರ್, ಇನ್ನಿಬ್ಬರು ನರ್ಸ್ ಬೇಕು ಅಂದಿದ್ದಕ್ಕೆ ಕೈ ಮುಗಿತೀನಿ. ಆದರೂ ನಾನು ಈ ತಮ್ಮನ ಪರ. ಯಾಕೆ ಅಂತ ಹೇಳುತ್ತೇನೆ.

ಮಳೆಗಾಲದಲ್ಲಿ ನಮ್ಮಲ್ಲಿ ಹಾವು ಕಡಿದವರು ಬರೋದು ಜಾಸ್ತಿ. ವಿಷ ಏರಿದ ಲಕ್ಷಣ ಇದ್ದರೆ ಹಾವಿನ ವಿಷಕ್ಕೆ ಕೊಡೋ ಪ್ರತಿವಿಷದ ಇಂಜೆಕ್ಷನ್ ಶುರುವಿಗೇ 10 ವಯಲ್, ಅಂದರೆ 10 ಸಣ್ಣ ಬಾಟಲಿ. ಮಕ್ಕಳಿಗೂ ಅಷ್ಟೇ, ಯಾಕಂದ್ರೆ ಹಾವು ಮಗು ಅಂತ ವಿಷ ಕಡಿಮೆ ಬಿಡೋದಿಲ್ಲ. ಪುಡಿ ರೂಪದ್ದಾದರೆ ಒಂದೊಂದಕ್ಕೂ 10 ಎಂಎಲ್ ನೀರು ಹಾಕಿ ಕರಗಿಸಬೇಕು. ಅವಸರ ಅಂತ ಕುಲುಕಿದರೆ ನೊರೆ ಬರುತ್ತೆ, ಮೆಲ್ಲಗೆ ತಿರುಗಿಸುತ್ತಾ ಇರಬೇಕು. ಹತ್ತು ವಯಲ್ ಕರಗಿಸೋಷ್ಟರಲ್ಲಿ ಪಕ್ಕದ ಮಂಚದಲ್ಲಿ ಫಿಟ್ಸ್ ಬಂದಿರುತ್ತೆ. ರಿಯಾಕ್ಷನ್ ಆದರೆ ಅಂತ ಅಡ್ರಿನಲಿನ್ ಸಿರಿಂಜ್‌ನಲ್ಲಿ ಎಳೆದು ಇಟ್ಟಿರಬೇಕು, ಅದನ್ನೂ ನಾನೇ ಮಾಡಬೇಕು.

ಒಮ್ಮೆ ಇಂಥದ್ದೇ ಗಡಿಬಿಡಿಯಲ್ಲಿ ಫಿಟ್ಸ್‌ಗೆ ಕೊಡೋ ಫೆನಿಟೋಯಿನ್ ಅನ್ನು ಗ್ಲೂಕೋಸ್ ಬಾಟಲಿಗೆ ಸೇರಿಸೋಕೆ ಹೊರಟಿದ್ದೆ. ಅದು ನಾರ್ಮಲ್ ಸಲೈನ್‌ನಲ್ಲೇ ಹೋಗಬೇಕು, ಗ್ಲೂಕೋಸ್‌ನಲ್ಲಿ ಹರಳು ಕಟ್ಟುತ್ತೆ. ಹಿರಿಯ ಸಿಸ್ಟರ್ ಒಬ್ಬರು ನೋಡಿ ತಡೆದರು. ಅವರು ಆ ದಿನ ರಜೆಯಲ್ಲಿದ್ದಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ನೆನೆಸಿಕೊಳ್ಳುತ್ತೇನೆ. ಔಷಧಿ ಗೊತ್ತಿರೋ ಒಬ್ಬರು ಆಗ ಪಕ್ಕದಲ್ಲಿ ಇರಬೇಕಿತ್ತು. ಕೆಳಗಿನ ಕೌಂಟರ್‌ನಲ್ಲಿ ಇದ್ದರೆ ನನಗೆ ಉಪಯೋಗ ಇಲ್ಲ.

ಮೆಡಿಕಲ್ ಶಾಪ್, ಸೇಡಂ:
ನಾನು ಡಿ ಫಾರ್ಮಾ ಓದಿ ಅಂಗಡಿ ಇಟ್ಟವನು. ಮಗಳು ಫಾರ್ಮ್ ಡಿ ಮೂರನೇ ವರ್ಷ. ಹಾಗಾಗಿ ಹೊಟ್ಟೆಯ ಸಂಕಟ ಹೇಳಿಬಿಡುತ್ತೇನೆ. 2008ರಲ್ಲಿ ಫಾರ್ಮಸಿ ಕೌನ್ಸಿಲ್ ಈ ಆರು ವರ್ಷದ ಕೋರ್ಸ್ ತಂದಾಗ, ಮುಂದೆ ಆಸ್ಪತ್ರೆಗಳಲ್ಲಿ ಡಾಕ್ಟರ ಜೊತೆ ರೌಂಡ್ಸ್ ಹೋಗುತ್ತಾರೆ, ಭಾರಿ ಬೇಡಿಕೆ ಇರುತ್ತೆ ಅಂತ ಎಲ್ಲರೂ ಹೇಳಿದರು. ಈಗ ನೋಡಿದರೆ ನನಗೆ ಗೊತ್ತಿರೋ ಹುಡುಗರಲ್ಲಿ ಸುಮಾರು ಜನ ಹೈದರಾಬಾದ್‌ಗೆ ಹೋಗಿ ಕಂಪನಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಆರು ವರ್ಷ ಆದಮೇಲೆ ಇನ್ನೊಂದು ವರ್ಷ ಅಂದರೆ ಸಾಲ ಯಾರು ತೀರಿಸೋದು? ಮೊದಲು ಹುದ್ದೆ ಕೊಡಿ, ಆಮೇಲೆ ತರಬೇತಿ ಮಾತಾಡಿ. ನಾಳೆ ಇದನ್ನೇ ಕಡ್ಡಾಯ ಮಾಡಿದರೆ ನಮ್ಮಂಥ ಅಂಗಡಿಯವರ ಗತಿ ಏನು ಅನ್ನೋ ಭಯವೂ ಇದೆ.

ಬೀದರ್‌ನವಳು, ಈಗ ಅಮೆರಿಕದಲ್ಲಿ:
ಅಣ್ಣ, ಕಡ್ಡಾಯದ ಭಯ ಬಿಡಿ. ಇಲ್ಲೂ ಎಲ್ಲರೂ ರೆಸಿಡೆನ್ಸಿ ಮಾಡೋದಿಲ್ಲ. ಅಂಗಡಿಯಲ್ಲಿ ಕೆಲಸ ಮಾಡೋಕೆ ಅದು ಬೇಕಾಗಿಲ್ಲ, ಲೈಸೆನ್ಸ್ ಸಾಕು.

ಇಲ್ಲಿನ ಲೆಕ್ಕ ಹೀಗಿದೆ. ಫಾರ್ಮ್ ಡಿ ಮುಗಿದ ಮೇಲೆ ಪಿಜಿವೈ 1 ಅಂತ ಒಂದು ವರ್ಷ, ಆಸ್ಪತ್ರೆಯ ಬೇರೆ ಬೇರೆ ವಾರ್ಡ್‌ಗಳಲ್ಲಿ. ಅದಾದ ಮೇಲೆ ಬೇಕಾದವರಿಗೆ ಪಿಜಿವೈ 2, ಇನ್ನೊಂದು ವರ್ಷ, ಎಮರ್ಜೆನ್ಸಿ ಒಂದರಲ್ಲೇ. ಎಎಸ್‌ಎಚ್‌ಪಿ ಅನ್ನೋ ಫಾರ್ಮಸಿಸ್ಟ್‌ಗಳ ಸಂಸ್ಥೆ ಇವಕ್ಕೆ ಮಾನ್ಯತೆ ಕೊಡುತ್ತೆ. ರೆಸಿಡೆಂಟ್‌ಗೆ ಸಂಬಳ ಬರುತ್ತೆ, ಪೂರ್ತಿ ಫಾರ್ಮಸಿಸ್ಟ್‌ಗೆ ಬರೋದಕ್ಕಿಂತ ಕಡಿಮೆ. ಹೃದಯ ನಿಂತ ರೋಗಿ ಬಂದಾಗ ಔಷಧಿ ಪೆಟ್ಟಿಗೆ ಪಕ್ಕದಲ್ಲಿ ನಿಲ್ಲೋದು, ಡೋಸ್ ಲೆಕ್ಕ ಹಾಕೋದು, ಡ್ರಿಪ್‌ನಲ್ಲಿ ಹಾಕೋ ಔಷಧಿ ಕಲಸಿ ಕೊಡೋದು ಇದೇ ಕೆಲಸ. ವಿಷದ ಕೇಸುಗಳನ್ನು ಬೇರೆಯಾಗಿ ಕಲಿಸುತ್ತಾರೆ. ಯಾರೂ ಡಾಕ್ಟರ ಸಹಿ ಕಿತ್ತುಕೊಳ್ಳೋದಿಲ್ಲ ಸರ್. ಸಹಿ ಹಾಕೋ ಮೊದಲು ಇನ್ನೊಂದು ಜೊತೆ ಕಣ್ಣು, ಅಷ್ಟೇ.

ಡಾಕ್ಟರ್, ಬೀದರ್:
ಒಂದು ವಿಷಯದಲ್ಲಿ ನಿಮ್ಮ ಮಾತು ನನಗೆ ನಾಟಿತು. ಟೆನೆಕ್ಟೆಪ್ಲೇಸ್ ತಗೊಳ್ಳಿ. ಹೆಪ್ಪುಗಟ್ಟಿದ ರಕ್ತ ಕರಗಿಸೋ ಔಷಧಿ. ಹಾರ್ಟ್ ಅಟ್ಯಾಕ್‌ಗೂ ಅದೇ, ಲಕ್ವಕ್ಕೂ ಅದೇ. ಆದರೆ 60 ಕೆಜಿ ತೂಕದವರಿಗೆ ಹೃದಯಕ್ಕೆ ಕೊಡೋದು 35 ಮಿ.ಗ್ರಾಂ, ಲಕ್ವಕ್ಕೆ ಕೆಜಿಗೆ 0.25ರ ಲೆಕ್ಕದಲ್ಲಿ 15. ರಾತ್ರಿ ಮೂರು ಗಂಟೆಗೆ, ಮೂರನೇ ಕೇಸ್ ನೋಡುತ್ತಿರುವಾಗ, ಈ ಎರಡು ಅಂಕಿ ತಲೆಯಲ್ಲಿ ಅದಲುಬದಲಾದರೆ ಮೆದುಳಲ್ಲಿ ರಕ್ತಸ್ರಾವ. ನಾನು ಪ್ರತಿ ಸಲ ಚೀಟಿ ತೆಗೆದು ನೋಡುತ್ತೇನೆ. ಪಕ್ಕದಲ್ಲಿ ಒಬ್ಬರು "ಸರ್, ಇದು ಲಕ್ವದ ಡೋಸ್ ತಾನೇ?" ಅಂತ ಕೇಳಿದರೆ ನನಗೇನೂ ಬೇಜಾರಿಲ್ಲ.

ಆದರೂ ಅಮೆರಿಕದ ಪಠ್ಯವನ್ನು ಹಾಗೇ ಎತ್ತಿ ತರೋದಕ್ಕೆ ನನ್ನ ವಿರೋಧ ಇದ್ದೇ ಇದೆ. ಅಲ್ಲಿ ನೋಡೋ ಕೇಸು ಬೇರೆ, ಇಲ್ಲಿನದು ಬೇರೆ.

ಇಂಟರ್ನ್, ಕಲಬುರಗಿ:
ಸರ್, ನಾನು ಹೇಳೋದೂ ಅದೇ. ನಮ್ಮ ಪಠ್ಯ ನಮ್ಮ ಹೊಲದಿಂದಲೇ ಶುರುವಾಗಲಿ. ಕೀಟನಾಶಕದ ಡಬ್ಬಿ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರುತ್ತೆ. ಬಣ್ಣ ನೋಡಿದರೆ ಎಷ್ಟು ಉಗ್ರ ಅಂತ ಗೊತ್ತಾಗುತ್ತೆ, ಯಾವ ಜಾತಿಯ ವಿಷ ಅಂತ ಗೊತ್ತಾಗೋದಿಲ್ಲ. ಅದಕ್ಕೆ ಒಳಗಿನ ಸಣ್ಣ ಅಕ್ಷರ ಓದಬೇಕು. ಕಳೆನಾಶಕ ಪ್ಯಾರಾಕ್ವಾಟ್ ಆದರೆ ಅಟ್ರೋಪಿನ್‌ನಿಂದ ಏನೂ ಆಗೋದಿಲ್ಲ, ಸುಮ್ನೆ ಆಕ್ಸಿಜನ್ ಕೊಟ್ಟರೆ ಶ್ವಾಸಕೋಶಕ್ಕೆ ಇನ್ನೂ ಕೇಡು. ಇದನ್ನು ಒಬ್ಬರು ಕೂತು ಕಲಿಯಬೇಕಲ್ವಾ? ಅಟ್ರೋಪಿನ್ ಆಂಪೂಲ್, ಅಂದರೆ ಒಡೆದು ಬಳಸೋ ಗಾಜಿನ ಸಣ್ಣ ಶೀಶೆ, 0.6 ಮಿ.ಗ್ರಾಂನದು. ಶುರುವಿಗೇ ಮೂರರಿಂದ ಐದು ಒಡೆಯಬೇಕು. ಎದೆಯಲ್ಲಿ ಗೊರಗೊರ ನಿಲ್ಲೋವರೆಗೆ ಐದೈದು ನಿಮಿಷಕ್ಕೆ ದುಪ್ಪಟ್ಟು ಮಾಡುತ್ತಾ ಹೋಗಬೇಕು. ಮೊನ್ನೆ ಒಡೆದ ಆಂಪೂಲ್‌ಗಳಿಂದ ಟ್ರೇ ತುಂಬಿತ್ತು. ಸ್ಟೋರ್‌ನಲ್ಲಿ ಎಷ್ಟು ಉಳಿದಿದೆ ಅಂತ ಆ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ.

ಸ್ಟಾಫ್ ನರ್ಸ್, ಯಾದಗಿರಿ:
ಸ್ಟಾಕ್ ಮಾತು ನೂರಕ್ಕೆ ನೂರು ನಿಜ. ಔಷಧಿ ಮುಗಿದ ಮೇಲೆ ಮನೆಯವರ ಕೈಗೆ ಚೀಟಿ ಕೊಟ್ಟು ಹೊರಗೆ ಓಡಿಸೋದು ನೋಡಿದರೆ ಕರುಳು ಹಿಂಡುತ್ತೆ. ಫ್ರಿಜ್‌ನಲ್ಲಿ ಇಡಬೇಕಾದ್ದು ಫ್ರಿಜ್‌ನಲ್ಲೇ ಇದೆಯಾ, ಎಕ್ಸ್‌ಪೈರಿ ಯಾವಾಗ, ಇದನ್ನೂ ಆ ತರಬೇತಿಯಲ್ಲಿ ಸೇರಿಸಿ.

ಮೆಡಿಕಲ್ ಶಾಪ್, ಸೇಡಂ:
ಎಲ್ಲರೂ ಹೇಳಿದ್ದು ಓದಿದೆ. ಕೆಲಸ ಬೇಕು ಅನ್ನೋದನ್ನು ಒಪ್ಪಿದೆ. ನನ್ನ ಅಂಗಡಿಗೂ ಆ ಚೀಟಿ ಹಿಡಿದು ಓಡಿ ಬರುತ್ತಾರೆ ಅಕ್ಕಾ, ಕೈ ನಡುಗುತ್ತಿರುತ್ತೆ. ಆದರೆ ಹುದ್ದೆ ಇಲ್ಲದ ತರಬೇತಿ ಅಂದರೆ ಬಿಟ್ಟಿ ದುಡಿಮೆ ಆಗುತ್ತೆ. ರಾತ್ರಿ ಪಾಳಿಗೆ ಜನ ಸಿಕ್ಕರು ಅಂತ ಆಸ್ಪತ್ರೆ ಖುಷಿ ಪಡುತ್ತೆ, ವರ್ಷ ಮುಗಿದ ಮೇಲೆ ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತೆ. ಸಂವಿಧಾನದ 371ಜೆ ವಿಧಿಯ ಅಡಿ ನಮ್ಮ ಭಾಗಕ್ಕೆ ನೌಕರಿಯಲ್ಲಿ ಮೀಸಲಾತಿ ಇದೆ. ಹುದ್ದೆಯೇ ಇಲ್ಲದಿದ್ದರೆ ಮೀಸಲಾತಿ ಎಲ್ಲಿ ಹಿಡಿಯೋದು?

ಬೀದರ್‌ನವಳು, ಈಗ ಅಮೆರಿಕದಲ್ಲಿ:
ಅಣ್ಣ ಹೇಳಿದ್ದಕ್ಕೆ ನನ್ನಲ್ಲಿ ಉತ್ತರ ಇಲ್ಲ. ನಾನು ಊರು ಬಿಟ್ಟಿದ್ದೂ ಅದಕ್ಕೇ.

ಡಾಕ್ಟರ್, ಬೀದರ್:
ಹಾಗಿದ್ದರೆ ಚಿಕ್ಕದಾಗಿ ಶುರು ಮಾಡಿ. ಹೊಸ ರೆಸಿಡೆನ್ಸಿ ಅಂತ ಹೊರಟರೆ ಅನುಮತಿಗೇ ವರ್ಷಗಳು ಹೋಗುತ್ತವೆ. ಈಗಿರೋ ಎರಡೆರಡು ತಿಂಗಳ ಮೂರು ಪೋಸ್ಟಿಂಗ್‌ಗಳಲ್ಲಿ ಒಂದನ್ನು ಕ್ಯಾಜುವಾಲ್ಟಿಗೆ ಕೊಡಿ ಅಂತ ಕಾಲೇಜಿಗೆ ಕೇಳಿ. ಇದ್ದಷ್ಟು ದಿನ ಯಾವ ತಪ್ಪು ಆಗದಂತೆ ತಡೆದಿರಿ, ಯಾವ ಡೋಸ್ ಬದಲಾಯಿತು ಅಂತ ದಿನಾ ಬರೆದಿಡಿ. ಹುದ್ದೆ ಕೇಳೋಕೆ ಹೋದಾಗ ಆ ದಾಖಲೆ ಕೈಯಲ್ಲಿರಲಿ. ಬೀದರ್‌ಗೆ ಯಾರಾದರೂ ಬಂದರೆ ನನ್ನ ಪಾಳಿಯಲ್ಲಿ ನಿಲ್ಲಿಸಿಕೊಳ್ಳುತ್ತೇನೆ.

ಇಂಟರ್ನ್, ಕಲಬುರಗಿ:
ಸೋಮವಾರ ನಮ್ಮ ಎಚ್‌ಒಡಿ ಹತ್ತಿರ ಅರ್ಜಿ ತಗೊಂಡು ಹೋಗುತ್ತೇನೆ ಸರ್. ಇನ್ನೂ ನಾಲ್ಕು ಜನ ಸಹಿ ಹಾಕುತ್ತೇವೆ ಅಂದಿದ್ದಾರೆ.

ಮೆಡಿಕಲ್ ಶಾಪ್, ಸೇಡಂ:
ಸ್ಟೈಪೆಂಡ್ ವಿಷಯವನ್ನೂ ಅದರಲ್ಲಿ ಬರೀರಿ. ಮೊದಲ ಸಾಲಲ್ಲೇ ಬರೀರಿ. ಮಗಳಿಗೂ ಈ ಚರ್ಚೆ ಕಳಿಸಿದ್ದೇನೆ, ಅರ್ಜಿಯ ಒಂದು ಪ್ರತಿ ಬೇಕು ಅಂತಿದ್ದಾಳೆ.